ಬೊಗಳುವಾಗ ಸಾಹುಕಾರರ ನಾಯಿ, ಕಚ್ಚಿದ ಮೇಲೆ ಬೀದಿ ನಾಯಿ

ಒಂದು ನಾಯಿಗೆ ದಿನಾ ಎರಡು ಹೊತ್ತು ಅನ್ನ ಹಾಕುತ್ತೀರಿ. ರಾಜಾ ಅಂತ ಹೆಸರಿಟ್ಟಿದ್ದೀರಿ. ಕೊರಳಿಗೆ ಕೆಂಪು ಬೆಲ್ಟ್ ಕಟ್ಟಿದ್ದೀರಿ. ರಾತ್ರಿಯೆಲ್ಲ ಅದು ನಿಮ್ಮ ಗೋದಾಮಿನ ಗೇಟಿಗೆ ಮಲಗಿ, ಬಂದವರನ್ನೆಲ್ಲ ಬೊಗಳಿ ಓಡಿಸುತ್ತದೆ. ಕಾವಲುಗಾರನ ಸಂಬಳ ಉಳಿಯಿತು ಅಂತ ನಾಲ್ಕು ಮಂದಿ ಮುಂದೆ ಹೇಳಿಕೊಂಡು ನಗುತ್ತೀರಿ. ಅಲ್ಲಿಯವರೆಗೂ ಅದು ನಿಮ್ಮ ನಾಯಿ. ಅದೇ ನಾಯಿ ದಾರಿಯಲ್ಲಿ ಹೋಗುವ ಹೆಣ್ಣುಮಗಳ ಕೈಗೆ ಬಾಯಿ ಹಾಕಿದ ಕೂಡಲೇ "ಅದು ನಮ್ದಲ್ರಿ, ಓಣ್ಯಾಗಿನ ನಾಯಿ" ಅಂತ ಹೇಳಲು ಬಾಯಿ ಹೇಗೆ ಬರುತ್ತದೆ?

ಕಚ್ಚಿಸಿಕೊಂಡವಳು ನಮ್ಮ ಅವ್ವ. ಊರು ಕಲಬುರಗಿ ಜಿಲ್ಲೆಯ ಒಂದು ತಾಲೂಕು ಕೇಂದ್ರ, ಹೆಸರು ಬೇಡ. ನಾಯಿ ಸಾಕಿದವರು ಕಬ್ಬಿಣ-ಸಿಮೆಂಟ್ ವ್ಯಾಪಾರದ ಸಾಹುಕಾರರು, ಅವರ ಹೆಸರೂ ಸದ್ಯಕ್ಕೆ ಬೇಡ.

ಅವ್ವ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಅವತ್ತು ರೊಟ್ಟಿ ಬುಟ್ಟಿ ತಗೊಂಡು ಗೋದಾಮಿನ ಮುಂದೆ ಹೋಗುತ್ತಿದ್ದಳು. ಆ ನಾಯಿ ಗೇಟಿನ ಸಂದಿಯಿಂದ ನುಗ್ಗಿ ಬಂದು ಬಲಗೈಯನ್ನೇ ಹಿಡಿಯಿತು. ಹೆಬ್ಬೆರಳಿನ ಬುಡದಲ್ಲಿ ದಪ್ಪ ಮಾಂಸ ಇರುತ್ತದಲ್ಲ, ಸರಿಯಾಗಿ ಅಲ್ಲಿ. ಹಲ್ಲಿನ ಗುರುತು ನಾಲ್ಕು, ಅದರಲ್ಲಿ ಎರಡು ಆಳ. ರೊಟ್ಟಿ ಬಡಿಯುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿನೀರು ಹಾಕಿ ಹಿಟ್ಟು ನಾದುವುದು, ಬಡಿಯುವುದು, ತಿರುಗಿಸುವುದು, ಎಲ್ಲಾ ಆ ಕೈಯ ಕೆಲಸ. ಕೈ ಹೋದರೆ ದಂಧೆ ಹೋಯಿತು. ನಾವು ರೊಟ್ಟಿ ಕೊಡದಿದ್ದರೆ ಖಾನಾವಳಿಯವರು ಕಾಯುತ್ತಾರಾ? ಮರುದಿನವೇ ಬೇರೆಯವರ ಹತ್ತಿರ ಹಚ್ಚಿಕೊಂಡರು. ಅವರನ್ನು ಬೈಯುವ ಹಾಗೂ ಇಲ್ಲ.

ಮನೆಗೆ ಬಂದರೆ ಓಣಿಯ ಮಂದಿ ಖಾರದಪುಡಿ ಹಿಡಿದು ನಿಂತಿದ್ದರು. ಒಬ್ಬರು ಅರಿಶಿನ ಅಂದರು, ಇನ್ನೊಬ್ಬರು ಸುಣ್ಣ. ಒಬ್ಬ ಕಾಕಾ ಅಂತೂ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಅಂತ ಹೆದರಿಸುತ್ತಿದ್ದರು. ಅದೆಲ್ಲ ಯಾವ ಕಾಲದ ಮಾತು! ಗಾಯಕ್ಕೆ ಏನೂ ಹಚ್ಚದೆ, ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ನಲ್ಲಿಯಲ್ಲಿ ನೀರಿರಲಿಲ್ಲ, ತಂಗಿ ಕೊಡದಿಂದ ಸುರಿಯುತ್ತಾ ಹೋದಳು. ಅದೊಂದು ಸರಿಯಾಗಿ ಆಯಿತು.

ತಾಲೂಕು ದವಾಖಾನೆಯಲ್ಲಿ ಲಸಿಕೆ ಇತ್ತು. ತೋಳಿಗೆ ಚರ್ಮದೊಳಗೆ ಕೊಡುವ ಸೂಜಿ; ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಆದರೆ ಹಲ್ಲು ಒಳಗಿಳಿದು ರಕ್ತ ಬಂದಿದ್ದರೆ ಅದು ಮೂರನೇ ದರ್ಜೆಯ ಗಾಯ. ಅದಕ್ಕೆ ಲಸಿಕೆ ಒಂದೇ ಸಾಲುವುದಿಲ್ಲ. ಇಮ್ಯುನೊಗ್ಲೋಬ್ಯುಲಿನ್ ಅನ್ನುವ ಔಷಧಿಯನ್ನು ಗಾಯದ ಒಳಗೆ, ಸುತ್ತಮುತ್ತ ಕೊಡಬೇಕು. ಲಸಿಕೆ ಕೆಲಸ ಶುರು ಮಾಡುವವರೆಗೆ ಕಾಪಾಡುವುದು ಅದೇ. ಅದು ಇರಲಿಲ್ಲ. "ಕಲಬುರಗಿಗಿ ಹೋಗ್ರಿ" ಅಂದರು. ಕೈಗೆ ಬಟ್ಟೆ ಸುತ್ತಿಕೊಂಡು ರಾತ್ರಿ ಗಾಡಿ ಮಾಡಿಕೊಂಡು ಹೋದೆವು. ಔಷಧಿ ಪುಕ್ಕಟೆ ಸಿಕ್ಕಿತು, ನಿಜ. ಗಾಡಿ ಬಾಡಿಗೆ ಯಾರು ಕೊಡುತ್ತಾರೆ? ಅಂದ ಹಾಗೆ, ಅಲ್ಲಿ ವರಾಂಡದಲ್ಲಿ ಎರಡು ನಾಯಿ ಆರಾಮಾಗಿ ಮಲಗಿದ್ದವು. ಆಸ್ಪತ್ರೆ, ಶಾಲೆ, ಬಸ್ ಸ್ಟ್ಯಾಂಡ್‌ಗಳಿಂದ ಬೀದಿ ನಾಯಿಗಳನ್ನು ತೆಗೆಯಿರಿ ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲೇ ಹೇಳಿತ್ತು. ಅವ್ವ ಅವನ್ನು ನೋಡಿ ನನ್ನ ಬೆನ್ನ ಹಿಂದೆ ಬಂದು ನಿಂತಳು.

ಇನ್ನು ಸಾಹುಕಾರರ ವಿಷಯ. ಡಾಕ್ಟರು ನಾಯಿಯನ್ನು 10 ದಿನ ಕಣ್ಣಲ್ಲಿಟ್ಟು ನೋಡಿ ಅಂದಿದ್ದರು. ಅಷ್ಟು ದಿನ ಅದು ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಅಂತ ಲೆಕ್ಕ. ಹಾಗಂತ ಚಿಕಿತ್ಸೆ ನಿಲ್ಲಿಸಿ ಕಾಯುವಂತಿಲ್ಲ, ಎರಡೂ ಒಟ್ಟಿಗೆ ನಡೆಯಬೇಕು. ನಾನು ಹೋಗಿ ಕೈ ಮುಗಿದು ಕೇಳಿದೆ. "ಸಾಹುಕಾರ್ರೇ, ದುಡ್ಡಿನ ಮಾತು ಆಮೇಲೆ ಆಡೋಣ್ರಿ. 10 ದಿನ ನಾಯಿ ಕಟ್ಟಿ ಹಾಕ್ರಿ." ಅದಕ್ಕೆ ಅವರು, "ನಮ್ ನಾಯಿ ಇದ್ರ ಕಟ್ಟಬಹುದು ತಮ್ಮಾ, ಯಾರದೋ ನಾಯಿ ನಾವ್ಯಾಕ ಕಟ್ಟೋಣು?" ನಾಯಿ ಅವರ ಕಾಲ ಹತ್ತಿರವೇ ಕೂತಿತ್ತು. ಕೊರಳಲ್ಲಿ ಬೆಲ್ಟ್ ಇಲ್ಲ. ಬೆಲ್ಟ್ ಇದ್ದ ಜಾಗದಲ್ಲಿ ಕೂದಲು ಸವೆದು ಉಂಗುರದ ಗುರುತು ಮಾತ್ರ ಹಾಗೇ ಇತ್ತು. ಅದನ್ನು ಬಿಚ್ಚಲು ಆಗಲಿಲ್ಲ ಪಾಪ. ನಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಗೇಟು ಕಾಯಲು ಕಲಿಸಿದರು, ಕಾಯಿತು. ಲಸಿಕೆ ಹಾಕಿಸಿದ ಕಾರ್ಡು ತೋರಿಸಿ ಅಂದರೆ ಅದೂ ಇಲ್ಲ.

ಪೊಲೀಸ್ ಸ್ಟೇಷನ್ನಿಗೆ ಹೋದರೆ, "ನಾಯಿ ಕಚ್ಚಿದ್ದಕ್ಕೂ ಕೇಸ್ ಏನೋ? ಬೀದಿ ನಾಯಿ ಅಂತಾರ, ನಾಯಿ ಹಿಡಿಯೋ ಕಚೇರಿಗಿ ಹೋಗು." ಆ ಕಚೇರಿಗೆ ಹೋದರೆ, "ಬೆಲ್ಟ್ ಇತ್ತು ಅಂತ ನೀವೇ ಬರದೀರಿ. ಅಂದ್ರ ಸಾಕಿದ ನಾಯಿ. ನಮ್ ಪರಿಹಾರ ಬೀದಿ ನಾಯಿಗಿ ಮಾತ್ರ. ಸ್ಟೇಷನ್ನಿಗಿ ಹೋಗ್ರಿ." ಅಂದರೆ ಒಂದೇ ನಾಯಿ ಸ್ಟೇಷನ್ನಿನಲ್ಲಿ ಬೀದಿದು, ಕಚೇರಿಯಲ್ಲಿ ಸಾಕಿದ್ದು! ಬೆಲ್ಟಿನ ವಿಷಯ ಮುಚ್ಚಿಟ್ಟಿದ್ದರೆ ಏನಾದರೂ ಸಿಗುತ್ತಿತ್ತೇನೋ. ನಿಜ ಬರೆದಿದ್ದಕ್ಕೆ ಎರಡೂ ಕಡೆ ಬಾಗಿಲು ಬಂದ್.

ಸಿಕ್ಕಿದ್ದರೂ ಎಷ್ಟು ಸಿಗುತ್ತಿತ್ತು ಕೇಳಿ. 2025ರ ನವೆಂಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಮಾಡಿದ ಆದೇಶದ ಪ್ರಕಾರ ಬೀದಿ ನಾಯಿ ಕಚ್ಚಿ ಸತ್ತರೆ 5 ಲಕ್ಷ ರೂಪಾಯಿ. ಗಾಯ ಆದರೆ 5,000. ಅದರಲ್ಲಿ 1,500 ಚಿಕಿತ್ಸೆಯ ಲೆಕ್ಕದಲ್ಲಿ ಸರ್ಕಾರದ್ದೇ ಆದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ, ಕೈಗೆ ಬರುವುದು 3,500. ದುಡಿಯುವ ಕೈ ವಾರಗಟ್ಟಲೆ ಸುಮ್ನೆ ಕೂತರೆ? ಅದಕ್ಕೆ ಬೇರೆ ಲೆಕ್ಕ ಇಲ್ಲ. ಪಂಜಾಬ್-ಹರಿಯಾಣ ಹೈಕೋರ್ಟ್ 2023ರಲ್ಲಿ ಬೀದಿ ಪ್ರಾಣಿಗಳ ಪ್ರಕರಣದಲ್ಲಿ ಹೇಳಿದ್ದು ನೋಡಿ: ನಾಯಿ ಕಚ್ಚಿದರೆ ಒಂದೊಂದು ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ. ಮಾಂಸ ಕಿತ್ತು ಬಂದಿದ್ದರೆ 0.2 ಸೆಂಟಿಮೀಟರಿಗೆ ಕನಿಷ್ಠ 20,000. ಅಲ್ಲಿ ಅವ್ವನ ಕೈಗೆ 40,000 ಆಗುತ್ತಿತ್ತು. ಆ ತೀರ್ಪು ನಮ್ಮ ರಾಜ್ಯಕ್ಕೆ ಅನ್ವಯ ಆಗುವುದಿಲ್ಲ, ಗೊತ್ತು. ಆದರೂ ಚಂಡೀಗಢದ ಹಲ್ಲು ಬೇರೆ, ಕಲಬುರಗಿ ಹಲ್ಲು ಬೇರೆನಾ?

ಬೀದಿ ನಾಯಿ ಅಲ್ಲ, ಸಾಕಿದ ನಾಯಿ ಅಂತಲೇ ಹಿಡಿದು ಹೋಗೋಣ ಅಂತ ನಿರ್ಧಾರ ಮಾಡಿದೆವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗದ ಹಾಗೆ ನೋಡಿಕೊಳ್ಳದೆ ನಿರ್ಲಕ್ಷ್ಯ ಮಾಡಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕಿಂತ ಮೊದಲಿದ್ದ ಭಾರತೀಯ ದಂಡ ಸಂಹಿತೆಯ (ಐಪಿಸಿ) 289ರಲ್ಲಿ ದಂಡ ಬರೀ 1,000 ಇತ್ತು. ನಾಯಿ ಖರೀದಿ ಮಾಡಿದ ರಸೀದಿ ತನ್ನಿ ಅಂತ ಅಲ್ಲೆಲ್ಲೂ ಬರೆದಿಲ್ಲ. ಅನ್ನ ಹಾಕಿ, ಹೆಸರಿಟ್ಟು, ತನ್ನ ಗೇಟು ಕಾಯಿಸಿದವರ ವಶದಲ್ಲಿ ಅಲ್ಲದೆ ಇನ್ಯಾರ ವಶದಲ್ಲಿದೆ ಆ ನಾಯಿ? ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದಾದ ಅಪರಾಧ ಇದು. ಹಾಕದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ಎಸ್‌ಪಿಗೆ ಸ್ಪೀಡ್ ಪೋಸ್ಟ್ ಹೋದ ಮೇಲೆ ಸ್ಟೇಷನ್ನಿನಿಂದ ಫೋನ್ ಬಂತು. ಮಾತಿನಲ್ಲಿ "ರೀ" ಸೇರಿತ್ತು.

ಇದನ್ನೆಲ್ಲ ಹೇಳಿಕೊಟ್ಟಿದ್ದು ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿ ಕೊಟ್ಟ ವಕೀಲರು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ವಕೀಲರು ಪುಕ್ಕಟೆ. ಇದನ್ನು ಸ್ಟೇಷನ್ನಿನಲ್ಲಾಗಲಿ ದವಾಖಾನೆಯಲ್ಲಾಗಲಿ ಒಬ್ಬರೂ ಹೇಳಲಿಲ್ಲ. ವಕೀಲರು ಮೊದಲು ಕೇಳಿದ್ದು ಗಾಯದ ಫೋಟೋ, ದವಾಖಾನೆ ಚೀಟಿ, ಲಸಿಕೆ ಕಾರ್ಡು, ಗಾಡಿ ಬಾಡಿಗೆ ಚೀಟಿ. ಆಮೇಲೆ ಖಾನಾವಳಿಯವರ ಹತ್ತಿರ ದಿನಕ್ಕೆ ಎಷ್ಟು ರೊಟ್ಟಿ ತಗೊಳ್ಳುತ್ತಿದ್ದರು ಅಂತ ಬರೆಸಿಕೊಂಡು ಬನ್ನಿ ಅಂದರು. ಕೊನೆಗೆ, ಆ ನಾಯಿ ಬೆಲ್ಟ್ ಸಮೇತ ಇರುವ ಹಳೆಯ ಫೋಟೋ ಎಲ್ಲಾದರೂ ಇದೆಯಾ ಅಂತ ಕೇಳಿದರು. ಇತ್ತು! ಸಾಹುಕಾರರ ಮಗನೇ ದೀಪಾವಳಿ ಲಕ್ಷ್ಮೀ ಪೂಜೆ ದಿನ ಅದಕ್ಕೆ ಹೂವಿನ ಹಾರ ಹಾಕಿ ಸ್ಟೇಟಸ್ ಇಟ್ಟಿದ್ದ. ಓಣಿಯ ಹುಡುಗನೊಬ್ಬ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದ. ದೇವರು ದೊಡ್ಡವನು.

ಕ್ರಿಮಿನಲ್ ಕೇಸಿನ ದಂಡದಿಂದ ಮನೆ ನಡೆಯುವುದಿಲ್ಲ. ಅದಕ್ಕೇ ಪರಿಹಾರಕ್ಕೆ ಬೇರೆಯಾಗಿ ಸಿವಿಲ್ ದಾವೆ. ಅದಕ್ಕಿಂತ ಮೊದಲು ಲೀಗಲ್ ನೋಟಿಸ್. ನೋಟಿಸ್ ಮುಟ್ಟಿದ ಮೇಲೆ ಊರಿನ ಹಿರಿಯರೊಬ್ಬರು 2,000 ರೂಪಾಯಿ ಹಿಡಿದುಕೊಂಡು ಮನೆಗೆ ಬಂದರು. "ಊರಾಗಿನ ಮಂದಿ ನಾವು, ಯಾಕ ಬೆಳಸ್ತೀರಿ? ಇದು ತಗೊಂಡು ಮುಗಸ್ರಿ" ಅಂದರು. ಅವ್ವ ಚಹಾ ಕೊಟ್ಟಳು, ಎಡಗೈಯಿಂದ. ಆಮೇಲೆ ಕೇಳಿದಳು: "ನಾಯಿ ಅವ್ರದಲ್ಲ ಅಂದಮ್ಯಾಲ ಈ ರೊಕ್ಕ ಯಾ ಲೆಕ್ಕದ್ದ್ರಿ ಅಣ್ಣಾರ?" ಅವರು ಚಹಾ ಕುಡಿದು ರೊಕ್ಕ ವಾಪಸ್ ಒಯ್ದರು.

ನೋಟಿಸಿನಲ್ಲಿ ನಾವು ಕೇಳಿದ್ದು ಜಾಸ್ತಿ ಏನಲ್ಲ. ಗಾಡಿ ಖರ್ಚು, ಕೈ ನಿಂತ ದಿನಗಳ ರೊಟ್ಟಿ ದುಡಿಮೆ, ಹೋದ ಖಾನಾವಳಿಗಳ ನಷ್ಟ, ನೋವಿಗೆ ಒಂದಿಷ್ಟು. ಅದು ಜಾಸ್ತಿ ಅನ್ನಿಸಿದರೆ ಸಾಹುಕಾರರು ಕೋರ್ಟಿಗೆ ಬಂದು ಹೇಳಲಿ. ಬರುವಾಗ ಆ ನಾಯಿ ಯಾರದು ಅಂತಲೂ ಪ್ರಮಾಣ ಮಾಡಿ ಹೇಳಲಿ.