ಸ್ಪಷ್ಟನೆ: ವೈಟ್ ಸಾಕ್ಸ್ ಬ್ಯಾಟಿಂಗ್ 'ಇತಿಹಾಸದಲ್ಲೇ ಕಳಪೆ' ಅಲ್ಲ

2024ರ ಷಿಕಾಗೋ ವೈಟ್ ಸಾಕ್ಸ್ ತಂಡದ ಬ್ಯಾಟಿಂಗ್ ಬೇಸ್‌ಬಾಲ್ ಇತಿಹಾಸದಲ್ಲೇ ಅತಿ ಕಳಪೆ ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು. ನಾನೂ ಈ ತಂಡದ ಅಭಿಮಾನಿ. ಆ ವರ್ಷ ಪಂದ್ಯ ನೋಡಿ ನೋಡಿ ಹೊಟ್ಟೆ ಉರಿದಿದೆ. ಆದರೂ ಲೆಕ್ಕ ಸರಿ ಇರಬೇಕು ಅಲ್ವಾ?

ಸೋಲಿನ ವಿಷಯ ನಿಜ. 162 ಪಂದ್ಯಗಳಲ್ಲಿ 121 ಸೋಲು, 1901ರಿಂದೀಚೆಗೆ ಅತಿ ಹೆಚ್ಚು. (1899ರಲ್ಲಿ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ 134 ಸೋತಿತ್ತು.) ಬ್ಯಾಟಿಂಗ್ ಸರಾಸರಿ .221, ಅಂದರೆ ಸಾವಿರ ಅವಕಾಶಕ್ಕೆ 221 ಹಿಟ್. ಇಡೀ ಸೀಸನ್‌ಗೆ ಬರೀ 507 ರನ್.

ಇದಕ್ಕಿಂತ ಕಡಿಮೆ ಹೊಡೆದವರಿದ್ದಾರೆ. ಇದೇ ವೈಟ್ ಸಾಕ್ಸ್‌ನ 1910ರ ಸರಾಸರಿ .211! 1968ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಹೊಡೆದದ್ದು .214. ಅದೇ ವರ್ಷ ವೈಟ್ ಸಾಕ್ಸ್ ಗಳಿಸಿದ್ದು 463 ರನ್ ಮಾತ್ರ. ಆಗ ಚೆಂಡು ಎಸೆಯುವ ಪಿಚರ್‌ಗಳ ಮೇಲುಗೈ ಎಷ್ಟಿತ್ತೆಂದರೆ, ಮರುವರ್ಷ ಅವರು ನಿಂತು ಎಸೆಯುವ ದಿಬ್ಬವನ್ನೇ 15 ಇಂಚಿನಿಂದ 10ಕ್ಕೆ ಇಳಿಸಬೇಕಾಯಿತು. 2024ರಲ್ಲಿ ಆ ನೆಪ ಇರಲಿಲ್ಲ. ನಮ್ಮ ಸಿಟ್ಟಿಗೆ ಕಾರಣ ಅದೇ.

'ಇಷ್ಟು ಕಡಿಮೆ ಹೊಡೆದರೆ ಗೆಲ್ಲಲು ಆಗೋದೇ ಇಲ್ಲ' ಅನ್ನುವುದೂ ಸರಿಯಲ್ಲ. 1906ರ ವೈಟ್ ಸಾಕ್ಸ್ .230 ಹೊಡೆದು, ತಾನು ಆಡುವ ಅಮೆರಿಕನ್ ಲೀಗ್‌ನಲ್ಲಿ ಬ್ಯಾಟಿಂಗ್ ಸರಾಸರಿಯಲ್ಲಿ ಕೊನೆಯಲ್ಲಿತ್ತು. ಅದೇ ತಂಡ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಅಂತಿಮ ಸರಣಿಯಲ್ಲಿ, ಆ ವರ್ಷ 116 ಪಂದ್ಯ ಗೆದ್ದಿದ್ದ ಷಿಕಾಗೋ ಕಬ್ಸ್ ತಂಡವನ್ನು 4-2ರಿಂದ ಸೋಲಿಸಿತು. ಅವರ ಪಿಚಿಂಗ್ ಗಟ್ಟಿಯಾಗಿತ್ತು. 2024ರಲ್ಲಿ ನಮಗೆ ಅದೂ ಇರಲಿಲ್ಲ, 813 ರನ್ ಬಿಟ್ಟುಕೊಟ್ಟೆವು.