ಭಾನುವಾರ ಫೋನ್ ಎತ್ತೋರು ಯಾರು?

ಮೊನ್ನೆ ಮತ್ತೊಂದು ಮೆಸೇಜ್ ಬಂತು. "ಅಕ್ಕಾ, ಜರ್ಮನಿಗೆ ಓ ಪೇರ್ ಆಗಿ ಹೋಗಬೇಕು ಅಂತಿದೀನಿ. ಏಜೆನ್ಸಿ ಮೂಲಕ ಹೋಗಲಾ, ಆನ್‌ಲೈನಲ್ಲಿ ನಾನೇ ಫ್ಯಾಮಿಲಿ ಹುಡುಕಿಕೊಳ್ಳಲಾ?" ತಿಂಗಳಿಗೆ ಇಂಥವು ಮೂರ್ನಾಲ್ಕು ಬರುತ್ತವೆ. ಒಬ್ಬೊಬ್ಬರಿಗೂ ಟೈಪ್ ಮಾಡಿ ಸಾಕಾಗಿದೆ. ಅದಕ್ಕೇ ಇಲ್ಲಿ ಒಂದೇ ಸಲ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಬೈಕೋಬೇಡಿ.

ಗೊತ್ತಿಲ್ಲದವರಿಗೆ ಎರಡು ಮಾತು. ಓ ಪೇರ್ ಅಂದರೆ ಬೇರೆ ದೇಶದ ಒಂದು ಮನೆಯಲ್ಲಿದ್ದು, ಅವರ ಮಕ್ಕಳನ್ನು ನೋಡಿಕೊಳ್ಳುತ್ತಾ ಅಲ್ಲಿನ ಭಾಷೆ ಕಲಿಯೋದು. ಫ್ರೆಂಚ್ ಮಾತು, 'ಸರಿಸಮ' ಅಂತ ಅರ್ಥ. ಊಟ, ರೂಮು, ಇನ್ಶೂರೆನ್ಸ್ ಆ ಮನೆಯವರದ್ದು. ಜರ್ಮನಿಯಲ್ಲಾದರೆ ತಿಂಗಳಿಗೆ 280 ಯೂರೊ ಕೈಖರ್ಚಿಗೆ, ಭಾಷೆ ಕ್ಲಾಸಿಗೆ 70 ಯೂರೊ. ಕೆಲಸ ದಿನಕ್ಕೆ 6 ಗಂಟೆ, ವಾರಕ್ಕೆ 30 ಗಂಟೆ ದಾಟಬಾರದು. ಅರ್ಜಿ ಹಾಕುವಾಗ 27 ತುಂಬಿರಬಾರದು, ಎ1, ಅಂದರೆ ತೀರಾ ಶುರುವಿನ ಮಟ್ಟದ ಜರ್ಮನ್ ಬರಬೇಕು. ಹೆಚ್ಚೆಂದರೆ ಒಂದು ವರ್ಷ.

2022ರ ಸೆಪ್ಟೆಂಬರಿನಲ್ಲಿ ನಾನು ಹೊರಟಾಗ ತಿಪಟೂರಿನಲ್ಲಿ ನಮ್ಮಜ್ಜಿ ಕೇಳಿದ್ದು ಒಂದೇ ಪ್ರಶ್ನೆ. "ಬಿಕಾಂ ಓದಿ ಅಷ್ಟು ದೂರ ಹೋಗಿ ಮುಸುರೆ ತಿಕ್ತೀಯೇನೇ?" ಆಗ ಸಿಟ್ಟು ಬಂದಿತ್ತು. ಆಮೇಲೆ ಅಷ್ಟು ಬರಲಿಲ್ಲ.

ನಾನಿದ್ದದ್ದು ಜರ್ಮನಿಯ ಟ್ಯೂಬಿಂಗೆನ್ ಹತ್ತಿರದ ಒಂದು ಹಳ್ಳಿ. ಗಂಟೆಗೊಂದು ಬಸ್ಸು, ಭಾನುವಾರ ಅದೂ ಇಲ್ಲ. ಮೂರು ವರ್ಷದ ಹುಡುಗ, ಆರು ವರ್ಷದ ಹುಡುಗಿ. ಮನೆಯವರು ಕೆಟ್ಟವರಾಗಿದ್ದರೆ ಈ ಕಥೆ ಸುಲಭವಾಗಿರುತ್ತಿತ್ತು. ಅವರು ಒಳ್ಳೆಯವರೇ. ನನ್ನ ಹುಟ್ಟುಹಬ್ಬಕ್ಕೆ ಮೊಟ್ಟೆ ಹಾಕದ ಕೇಕ್ ಮಾಡೋದು ಹೇಗೆ ಅಂತ ಹುಡುಕಿ ಮಾಡಿದ್ದರು. ಆದರೆ "ಇವತ್ತೊಂದಿನ ಸ್ವಲ್ಪ ಹೊತ್ತು ಜಾಸ್ತಿ ಇರ್ತೀಯಾ?" ಅನ್ನೋದು ವಾರಕ್ಕೆ ನಾಲ್ಕು ದಿನ ಆಯಿತು. ಮಕ್ಕಳ ಬಟ್ಟೆ ಮಡಚುತ್ತಿದ್ದವಳಿಗೆ ಯಜಮಾನರ ಶರ್ಟಿನ ಇಸ್ತ್ರಿಯೂ ಬಂತು. ಕೇಕ್ ಮಾಡಿಕೊಟ್ಟವರಿಗೆ ಇಲ್ಲ ಅನ್ನೋದು ಹೇಗೆ?

ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಇರೋದೇ ಹಾಲಿನ ಲೆಕ್ಕಕ್ಕೆ. ಅಮ್ಮ ಒಂದೊಂದು ಚೌಕದಲ್ಲಿ 1, ½, ಹಾಲು ತಗೊಳ್ಳದ ದಿನ ಸೊನ್ನೆ ಅಂತ ಬರೆಯುತ್ತಾರೆ. ಹೊರಡುವಾಗ ಹಬ್ಬಹರಿದಿನ ಗೊತ್ತಾಗಲಿ ಅಂತ ಒಂದನ್ನು ಸುತ್ತಿ ಸೂಟ್‌ಕೇಸಿಗೆ ತುರುಕಿದ್ದರು. ಅದರಲ್ಲಿ ನಾನು ಹಾಲಿನ ಬದಲು ಗಂಟೆ ಬರೆಯೋಕೆ ಶುರು ಮಾಡಿದೆ. ದೀಪಾವಳಿ ವಾರ ನೋಡಿ. ಸೋಮವಾರ ನರಕ ಚತುರ್ದಶಿ, 9. ಮಂಗಳವಾರ 8. ಬಲಿಪಾಡ್ಯಮಿ ದಿನ 8½. ಆಮೇಲೆ 7, 7, ಶನಿವಾರ 3½. ಒಟ್ಟು 43.

ನನ್ನನ್ನು ಕಳಿಸಿದ್ದ ಏಜೆನ್ಸಿಗೆ ಮೇಲ್ ಹಾಕಿದೆ. ನಾಲ್ಕು ದಿನಕ್ಕೆ ಉತ್ತರ ಬಂತು: ಮನೆಯವರ ಜೊತೆ ಮನಸ್ಸು ಬಿಚ್ಚಿ ಮಾತಾಡಿ. ನನ್ನ ಎ1 ಜರ್ಮನ್‌ನಲ್ಲಿ ಮನಸ್ಸು ಬಿಚ್ಚೋದು ಹೇಗೆ ಅಂತ ಮಾತ್ರ ಬರೆದಿರಲಿಲ್ಲ! ಫೋನ್ ಮಾಡಿದರೆ ವಾರದ ದಿನಗಳಲ್ಲಿ ಬೆಳಿಗ್ಗೆ ಮಾತ್ರ ಆಫೀಸು. ನಾನು ಮಕ್ಕಳನ್ನು ಸಂಭಾಳಿಸೋ ಹೊತ್ತೇ ಅದು. ಮದುವೆ ಕುದುರಿಸಿದ ದಲ್ಲಾಳಿ ಊಟ ಮುಗಿಸಿ, ವೀಳ್ಯ ಹಾಕಿಕೊಂಡು ಹೊರಟುಹೋದ ಹಾಗೆ ಇತ್ತು.

ನನ್ನ ಭಾಷೆ ಕ್ಲಾಸಿನಲ್ಲಿ ಜಾರ್ಜಿಯಾ ದೇಶದ ಹುಡುಗಿಯೊಬ್ಬಳಿದ್ದಳು. ಅವಳದ್ದು ಬೇರೆ ಏಜೆನ್ಸಿ, ಅವರಿಗೆ ಆ ಊರಲ್ಲೇ ಒಬ್ಬ ಪ್ರತಿನಿಧಿ. ರಿಟೈರ್ ಆದ ಸ್ಕೂಲ್ ಟೀಚರ್. ಅವಳು ಬಂದ ಮೊದಲ ವಾರವೇ ಆಕೆ ಮನೆಗೆ ಬಂದು, ಮೊದಲು ನೋಡಿದ್ದು ಅವಳ ರೂಮಿನ ಬಾಗಿಲಿಗೆ ಬೀಗ ಬೀಳುತ್ತಾ ಅಂತ. ಆಮೇಲೆ ಹೀಟರ್ ಮುಟ್ಟಿ ನೋಡಿದರಂತೆ. ಕೊನೆಗೆ ಅಡುಗೆಮನೆಯಲ್ಲಿ ಎಲ್ಲರನ್ನೂ ಕೂರಿಸಿ, ವಾರದ ಟೈಮ್‌ಟೇಬಲ್ ಬರೆಸಿ, ಎರಡೂ ಕಡೆಯವರ ಸಹಿ ಹಾಕಿಸಿ ಫ್ರಿಜ್ ಮೇಲೆ ಅಂಟಿಸಿ ಹೋದರು. ಕೊರತೆ ಹೇಳಿಕೊಳ್ಳೋ ಮುಂಚೆಯೇ ಇದೆಲ್ಲ ಮುಗಿದಿತ್ತು.

ಒಂದು ಸಂಜೆ ನಾನೂ ಆ ಟೀಚರ್ ಜೊತೆ ಕಾಫಿಗೆ ಹೋಗಿದ್ದೆ. ನನ್ನ ಕಥೆ ಕೇಳಿ, "ಆ ಕ್ಯಾಲೆಂಡರನ್ನೇ ತೋರಿಸು, ಮಾತು ಬೇಡ" ಅಂದರು. ತೋರಿಸಿದೆ. ಮನೆಯಾಕೆ ಕನ್ನಡ ಅಕ್ಷರದ ಮೇಲೆಲ್ಲ ಬೆರಳಿಟ್ಟು ಒಂದೊಂದೇ ಅಂಕಿ ಕೂಡಿಸಿದರು. ಇನ್ನೊಂದು ಸಲ ಕೂಡಿಸಿದರು. ಗಂಡನನ್ನು ಕರೆದರು. ಮುಂದಿನ ವಾರದಿಂದ ಇಸ್ತ್ರಿ ಪೆಟ್ಟಿಗೆ ನನ್ನ ಕೈಗೆ ಬರಲಿಲ್ಲ. ನನ್ನ ಏಜೆನ್ಸಿ ಮಾಡಬೇಕಿದ್ದ ಕೆಲಸವನ್ನು ಬೇರೆ ಏಜೆನ್ಸಿಯವರು ಒಂದು ಕಪ್ ಕಾಫಿಯಲ್ಲಿ ಮುಗಿಸಿದ್ದರು.

ಅದಕ್ಕೇ ಹೇಳೋದು, ಫ್ಯಾಮಿಲಿ ಹುಡುಕೋಕೆ ಏಜೆನ್ಸಿ ಬೇಕಿಲ್ಲ. ಆ್ಯಪ್‌ಗಳೂ ವೆಬ್‌ಸೈಟ್‌ಗಳೂ ಬೇಕಾದಷ್ಟಿವೆ. ಏಜೆನ್ಸಿ ಬೇಕಾಗೋದು ಹೋದ ಮೇಲೆ ವಿಚಾರಿಸಿಕೊಳ್ಳೋಕೆ. ಅದನ್ನು ಮಾಡದ ಏಜೆನ್ಸಿಗೂ ಆ್ಯಪ್‌ಗೂ ಫೀಸು ಬಿಟ್ಟರೆ ಏನೂ ವ್ಯತ್ಯಾಸ ಇಲ್ಲ.

ಅಮೆರಿಕದಲ್ಲಿ ಇದನ್ನು ನಿಯಮವೇ ಮಾಡಿದ್ದಾರೆ. ಓ ಪೇರ್ ಬಂದ 48 ಗಂಟೆಯೊಳಗೆ ಏಜೆನ್ಸಿಯ ಸ್ಥಳೀಯ ಪ್ರತಿನಿಧಿ ಸಂಪರ್ಕಿಸಬೇಕು, ಎರಡು ವಾರದೊಳಗೆ ಮುಖತಃ ನೋಡಬೇಕು, ಆಮೇಲೆ ತಿಂಗಳು ತಿಂಗಳೂ ಇಬ್ಬರ ಹತ್ತಿರವೂ ಮಾತಾಡಬೇಕು. ಆ ಪ್ರತಿನಿಧಿ ಮನೆಯಿಂದ ಒಂದು ಗಂಟೆ ಡ್ರೈವ್‌ನೊಳಗೆ ಇರಬೇಕು. ಚೆನ್ನಾಗಿದೆ ಅಲ್ವಾ? ಹಾಗಂತ ಅಲ್ಲೇನೂ ಎಲ್ಲ ಸರಿಯಿಲ್ಲ. ಓ ಪೇರ್‌ಗಳಿಗೆ ವಾರಕ್ಕೆ 195.75 ಡಾಲರಿನ ಆಸುಪಾಸೇ ಸಿಗುವ ಹಾಗೆ ಏಜೆನ್ಸಿಗಳು ಕೂಡಿಕೊಂಡಿವೆ ಅಂತ ಕೊಲರಾಡೊದಲ್ಲಿ ಕೇಸು ನಡೆದು, 2019ರಲ್ಲಿ 15 ಏಜೆನ್ಸಿಗಳು 6.55 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ತಪ್ಪು ಮಾತ್ರ ಒಪ್ಪಲಿಲ್ಲ. ದೊಡ್ಡ ಫೀಸು ಕಟ್ಟೋದು ಮನೆಯವರು, ಹುಡುಗಿಯಲ್ಲ. ಯಾರ ದುಡ್ಡೋ ಅವರ ಕಡೆಗೇ ತಕ್ಕಡಿ ವಾಲೋದು.

ಜರ್ಮನಿಯಲ್ಲಂತೂ 2002ರಿಂದ ಓ ಪೇರ್ ಏಜೆನ್ಸಿ ತೆರೆಯೋಕೆ ಲೈಸೆನ್ಸೇ ಬೇಡ. 'ರಾಲ್' ಅನ್ನೋ ಗುಣಮಟ್ಟದ ಮುದ್ರೆ ಒಂದಿದೆ, ಅದೂ ಇಷ್ಟವಿದ್ದವರು ಪಡೆಯೋದು. ನೀವು ನೋಡುತ್ತಿರೋ ಏಜೆನ್ಸಿಗೆ ಅದು ಇದೆಯಾ ಅಂತ ಕೇಳಿ. ಇನ್ನೊಂದು, ಅಲ್ಲಿನ ಕಾನೂನು ಪ್ರಕಾರ ಏಜೆನ್ಸಿ ಹುಡುಗಿಯಿಂದ 150 ಯೂರೊಗಿಂತ ಜಾಸ್ತಿ ತಗೊಳ್ಳುವಂತಿಲ್ಲ. ಬೆಂಗಳೂರಿನಲ್ಲಿ ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಸುಮ್ನೆ ಎದ್ದು ಬನ್ನಿ. ತಿಂಗಳಿಗೆ 280 ಯೂರೊದಲ್ಲಿ ಆ ಸಾಲ ಯಾವ ಕಾಲಕ್ಕೆ ತೀರುತ್ತೆ?

"ಅಲ್ಲಿರೋ ನಮ್ಮ ಕನ್ನಡದವರ ಮನೆಗೇ ಕಳಿಸಬಾರದಾ?" ಅಂತ ತುಂಬಾ ಅಪ್ಪ ಅಮ್ಮಂದಿರು ಕೇಳುತ್ತಾರೆ. ಆಗಲ್ಲ. ಗಂಡ ಹೆಂಡತಿ ಇಬ್ಬರೂ ಭಾರತ ಮೂಲದವರಾದರೆ ಭಾರತದ ಹುಡುಗಿಯನ್ನು ಓ ಪೇರ್ ಆಗಿ ಕರೆಸಿಕೊಳ್ಳೋ ಹಾಗಿಲ್ಲ. ಭಾಷೆ ಕಲಿಯೋಕೆ ತಾನೆ ಹೋಗೋದು? ಈ ನಿಯಮ ನನಗೆ ಸರಿ ಅನ್ನಿಸುತ್ತೆ. ನಮ್ಮವರ ಮನೆ ಅಂದರೆ ಗಂಟೆ ಲೆಕ್ಕ ಇನ್ನೂ ಕಷ್ಟ, ಅದು ನಮಗೆಲ್ಲ ಗೊತ್ತಿರೋದೇ.

ಇಷ್ಟು ರಗಳೆ ಯಾಕೆ, ಓ ಪೇರ್ ಪದ್ಧತಿಯನ್ನೇ ನಿಲ್ಲಿಸಿಬಿಡಲಿ ಅನ್ನೋರೂ ಇದ್ದಾರೆ. ನಾರ್ವೆ 2024ರ ಮಾರ್ಚಿನಲ್ಲಿ ನಿಲ್ಲಿಸಿಯೇಬಿಟ್ಟಿತು. ನನಗೆ ಒಪ್ಪಿಗೆಯಿಲ್ಲ. ನನ್ನಂಥವಳಿಗೆ ಆ ಒಂದು ವರ್ಷ ಬೇರೆ ಯಾವ ದಾರಿಯಲ್ಲೂ ಸಿಗುತ್ತಿರಲಿಲ್ಲ. ಈಗ ಮೈಸೂರಿನಲ್ಲಿ ಜರ್ಮನ್ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿರೋದೂ ಅದರಿಂದಲೇ.

ಹೊರಡೋರು ಒಂದು ಕೆಲಸ ಮಾಡಿ. ಸಹಿ ಹಾಕೋ ಮುಂಚೆ, ಒಂದು ಭಾನುವಾರ ಸಂಜೆ ಏಜೆನ್ಸಿಯ ಎಮರ್ಜೆನ್ಸಿ ನಂಬರಿಗೆ ಫೋನ್ ಮಾಡಿ ನೋಡಿ. ಎತ್ತಿದವರಿಗೆ ಸ್ವಲ್ಪ ಸಿಟ್ಟು ಬಂದರೂ ಪರವಾಗಿಲ್ಲ, ಎತ್ತಿದರಲ್ಲ. ಮನೆ ಬದಲಾಯಿಸಬೇಕು ಅಂದರೆ ನೋಟಿಸ್ ಎಷ್ಟು ದಿನ, ಆ ದಿನಗಳಲ್ಲಿ ನಾನು ಎಲ್ಲಿ ಮಲಗಬೇಕು, ಇದಕ್ಕೆ ಬರಹದಲ್ಲೇ ಉತ್ತರ ತಗೊಳ್ಳಿ. ಮೈಮೇಲೆ ಕೈ ಮಾಡೋದು, ಹೆದರಿಸೋದು ಏನಾದರೂ ಆದರೆ ಏಜೆನ್ಸಿಗೆ ಕಾಯಬೇಡಿ. ಜರ್ಮನಿಯಲ್ಲಿ ಪೊಲೀಸರಿಗೆ 110. ಹೆಣ್ಣುಮಕ್ಕಳ ಸಹಾಯವಾಣಿ 116 016, ದಿನದ 24 ಗಂಟೆಯೂ ಇರುತ್ತೆ, ಇಂಗ್ಲಿಷ್‌ನಲ್ಲೂ ಮಾತಾಡುತ್ತಾರೆ, ಹೆಸರು ಹೇಳಬೇಕಿಲ್ಲ.

ಮೆಸೇಜ್ ಮಾಡಿದ ಹುಡುಗಿಗೆ ವೀಸಾ ಆದರೆ ಫ್ರೈಬುರ್ಗ್ ಕಡೆ ಹೋಗುತ್ತಾಳೆ. ಆ ಕಡೆ ಇರೋ ಕನ್ನಡದವರು ಯಾರಾದರೂ ಇದನ್ನು ಓದುತ್ತಿದ್ದರೆ ಕಮೆಂಟಿನಲ್ಲಿ ಒಂದು ಚುಕ್ಕೆ ಇಡಿ, ನಾನೇ ಮಾತಾಡುತ್ತೇನೆ. ಮನೆಗೆ ಕರೆದು ಊಟ ಹಾಕಬೇಕು ಅಂತೇನಿಲ್ಲ. ಅವಳು ಹೋದ ಎರಡನೇ ವಾರ ಒಂದು ಕಾಫಿ ಕುಡಿಸಿ, ವಾರಕ್ಕೆ ಎಷ್ಟು ಗಂಟೆ ಆಯ್ತು ಅಂತ ಕೇಳಿದರೆ ಸಾಕು. ಕ್ಯಾಲೆಂಡರ್ ತಗೊಂಡು ಹೋಗು ಅಂತ ಹೇಳಿದ್ದೇನೆ.