ಪಂಪ್ ಹಾಕಿಸಿಕೊಂಡಿದ್ದು ಬೆಳಗಿನ ಜಾವಕ್ಕಾಗಿ

ಇನ್ಸುಲಿನ್ ಪಂಪ್, ಅಂದರೆ ತೆಳು ಟ್ಯೂಬಿನ ಮೂಲಕ ಮೈಗೆ ಇನ್ಸುಲಿನ್ ಬಿಡುವ ಪುಟ್ಟ ಯಂತ್ರ, ಹಾಕಿಸಿಕೊಂಡು 14 ತಿಂಗಳಾಯಿತು. ಅದಕ್ಕೂ ಮುಂಚೆ 19 ವರ್ಷ ಚುಚ್ಚಿಕೊಂಡಿದ್ದೇ, ಶುರುವಿನಲ್ಲಿ ಸಿರಿಂಜ್, ಆಮೇಲೆ ಪೆನ್ನಿನ ಹಾಗಿರುವ ಇನ್ಸುಲಿನ್ ಪೆನ್. ದಿನಕ್ಕೆ ನಾಲ್ಕು ಸಲ, ಕೆಲವು ದಿನ ಐದು. ನನ್ನದು ಟೈಪ್ 1 ಸಕ್ಕರೆ ಕಾಯಿಲೆ. ಸಿಹಿ ತಿಂದು ಬಂದಿದ್ದಲ್ಲ. ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಹಾಳು ಮಾಡಿಬಿಡುತ್ತದೆ, ಹೊರಗಿನಿಂದ ಇನ್ಸುಲಿನ್ ಹೋಗದಿದ್ದರೆ ಜೀವ ಉಳಿಯುವುದಿಲ್ಲ.

ಪಂಪ್ ನೋಡಿದವರೆಲ್ಲ ಮೊದಲು ಕೇಳುವುದು ಒಂದೇ. "ಇನ್ನು ಚುಚ್ಚಿಕೊಳ್ಳೋ ಗೋಳು ತಪ್ಪಿತು ಅಲ್ವಾ?" ನಾನು ನೇರವಾಗಿ ಹೇಳುತ್ತೇನೆ, ಬರೀ ಸೂಜಿ ತಪ್ಪಿಸಿಕೊಳ್ಳುವುದಕ್ಕೆ ಪಂಪ್ ಹಾಕಿಸಬೇಡಿ. ಚುಚ್ಚುವುದು ಕಡಿಮೆ ಆಗುತ್ತದೆ, ನಿಜ. ಎರಡು ಮೂರು ದಿನಕ್ಕೊಮ್ಮೆ ಹೊಟ್ಟೆಯ ಮೇಲೆ ಹೊಸ ಸೆಟ್ (ಟ್ಯೂಬ್ ಮತ್ತು ಚರ್ಮದ ಕೆಳಗೆ ಹೋಗುವ ನಳಿಗೆ) ಹಾಕಿಕೊಂಡರೆ ಆಯಿತು. ಆದರೆ ಈಗಿನ ಪೆನ್ ಸೂಜಿ 4 ಮಿಲಿಮೀಟರ್ ಉದ್ದ, ಎಷ್ಟೋ ಸಲ ಚುಚ್ಚಿದ್ದೇ ಗೊತ್ತಾಗುವುದಿಲ್ಲ. ಅದೊಂದಕ್ಕೇ ಲಕ್ಷಗಟ್ಟಲೆ ಖರ್ಚು ಮಾಡಬೇಕಾ?

ನನಗೆ ಪಂಪ್ ಬೇಕಾಗಿದ್ದು ಬೆಳಗಿನ ಜಾವಕ್ಕೆ. ರಾತ್ರಿ ಮಲಗುವಾಗ ಶುಗರ್ 120. ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು ನೋಡಿದರೂ 110, 115. ಒಂದು ಗುಕ್ಕು ನೀರು ಬಿಟ್ಟರೆ ಏನೂ ಕುಡಿದಿಲ್ಲ, ಬೆಳಿಗ್ಗೆ ಆರಕ್ಕೆ 230! ಇದು ನನ್ನ ತಪ್ಪಿನಿಂದಲೇ ಆಗುತ್ತಿದೆ ಅಂತ ವರ್ಷಗಟ್ಟಲೆ ನಂಬಿದ್ದೆ. ರಾತ್ರಿ ಊಟ ಕಡಿಮೆ ಮಾಡಿದೆ, ಅನ್ನ ಬಿಟ್ಟೆ, ಏನೂ ಬದಲಾಗಲಿಲ್ಲ. ಜಾವದ ಹೊತ್ತಿಗೆ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನ್ ಎಲ್ಲ ಏರುತ್ತವೆ, ಲಿವರ್ ತನ್ನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಎಲ್ಲರ ಮೈಯಲ್ಲೂ ಹೀಗೇ. ಕಾಯಿಲೆ ಇಲ್ಲದವರ ದೇಹ ಆಗ ಸ್ವಲ್ಪ ಜಾಸ್ತಿ ಇನ್ಸುಲಿನ್ ಬಿಟ್ಟು ಸರಿಮಾಡಿಕೊಳ್ಳುತ್ತದೆ. ನಾನು ರಾತ್ರಿ ತಗೊಳ್ಳುತ್ತಿದ್ದ 20 ಯೂನಿಟ್ ಗ್ಲಾರ್ಜಿನ್ ಅನ್ನುವ ನಿಧಾನದ ಇನ್ಸುಲಿನ್ ಹೆಚ್ಚುಕಡಿಮೆ ದಿನವಿಡೀ ಒಂದೇ ಸಮ ಕೆಲಸ ಮಾಡುತ್ತದೆ, ಜಾವ ಬಂತು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಜಾವಕ್ಕೆ ಸಾಕಾಗಲಿ ಅಂತ 24 ಮಾಡಿದರೆ ಎರಡು ಗಂಟೆಗೇ ಶುಗರ್ ಲೋ ಆಗಿ, ಮೈಯೆಲ್ಲ ಬೆವರಿ, ಕೈ ನಡುಗುತ್ತಾ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಹುಡುಕುತ್ತಿದ್ದೆ. ಏರಿಸಿದರೆ ಅಲ್ಲಿ ಬಿತ್ತು, ಇಳಿಸಿದರೆ ಇಲ್ಲಿ ಏರಿತು.

ಪಂಪ್‌ನಲ್ಲಿ ಇರುವುದು ಬೇಗ ಕೆಲಸ ಮಾಡುವ ಇನ್ಸುಲಿನ್ ಮಾತ್ರ. ಅದು ಚೂರು ಚೂರೇ ದಿನವಿಡೀ ಹೋಗುತ್ತಿರುತ್ತದೆ. ಯಾವ ಗಂಟೆಗೆ ಎಷ್ಟು ಅಂತ ಬೇರೆ ಬೇರೆ ಹೇಳಿ ಇಡಬಹುದು. ನನಗೆ ಮಧ್ಯರಾತ್ರಿಯಿಂದ ಮೂರೂವರೆವರೆಗೆ ಗಂಟೆಗೆ 0.55 ಯೂನಿಟ್. ಅಲ್ಲಿಂದ ಎಂಟರವರೆಗೆ 0.95. ಆಮೇಲೆ ಮತ್ತೆ ಕಡಿಮೆ. ಇದು ನನ್ನ ಲೆಕ್ಕ, ಯಾರೂ ನೋಡಿ ಹಾಕಿಕೊಳ್ಳಬೇಡಿ. ಇದನ್ನು ಹೊಂದಿಸುವುದಕ್ಕೇ ಡಾಕ್ಟರ್ ಮತ್ತು ನಾನು ಆರು ವಾರ ತಗೊಂಡೆವು. ಮೊದಲ ಸಲ ಬೆಳಿಗ್ಗೆ 118 ನೋಡಿದಾಗ ನಂಬಲಾಗದೆ ಇನ್ನೊಂದು ಬೆರಳಿಗೆ ಚುಚ್ಚಿ ನೋಡಿದೆ. 121. ಮಂಚದ ಮೇಲೆ ಕೂತು ಅತ್ತುಬಿಟ್ಟೆ.

ಇನ್ನೊಂದು ಸುಖ ಮದುವೆ ಊಟದ್ದು. ಹೋಳಿಗೆ ತುಪ್ಪ ತಿಂದರೆ ಶುಗರ್ ಒಮ್ಮೆಲೇ ಏರುವುದಿಲ್ಲ, ಜಿಡ್ಡಿನಿಂದಾಗಿ ನಿಧಾನವಾಗಿ ಏರುತ್ತಾ ಹೋಗುತ್ತದೆ. ಈಗ ಅರ್ಧ ಡೋಸ್ ಊಟದ ಮೊದಲು, ಉಳಿದರ್ಧ ಮೂರು ಗಂಟೆಗಳಲ್ಲಿ ಹೋಗುವ ಹಾಗೆ ಇಡುತ್ತೇನೆ. ಇನ್ನೊಂದು ಹೋಳಿಗೆ ಬಡಿಸಿದರೆ ಮತ್ತೆ ಚುಚ್ಚಿಕೊಳ್ಳಲು ಬಾತ್‌ರೂಮ್ ಹುಡುಕಿಕೊಂಡು ಹೋಗಬೇಕಾಗಿಲ್ಲ. ಆದರೆ ಎಲೆಯ ಮೇಲಿರುವುದರಲ್ಲಿ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಇದೆ ಅಂತ ಲೆಕ್ಕ ಹಾಕುವುದು ನಾನೇ. ಆ ಲೆಕ್ಕ ಪೆನ್ ಇರುವಾಗಲೇ ಕಲಿತಿರಬೇಕು.

ಸೀರೆ ಉಟ್ಟಾಗ ಪಂಪ್ ಎಲ್ಲಿಡುವುದು ಅಂತ ಯಾವ ಕೈಪಿಡಿಯಲ್ಲೂ ನನಗೆ ಸಿಗಲಿಲ್ಲ. ನಾನು ಹೈಸ್ಕೂಲ್ ಟೀಚರ್, ದಿನಾ ಸೀರೆ. ಕೊನೆಗೆ ಟೈಲರ್ ಹತ್ತಿರ ಲಂಗದ ಪಕ್ಕಕ್ಕೆ ಒಂದು ಜೇಬು ಹೊಲಿಸಿದೆ, ಈಗ ಎಲ್ಲ ಲಂಗಕ್ಕೂ ಇದೆ. ಟ್ಯೂಬ್ ನೋಡಿದ ದೊಡ್ಡಮ್ಮ "ಏನೇ ಇದು, ಕಾಯಿಲೆ ಇಷ್ಟು ಜಾಸ್ತಿ ಆಯ್ತೇನೇ?" ಅಂತ ಕಣ್ಣೀರು ಹಾಕಿದರು. ಪಂಪ್ ಅಂದರೆ ಕೊನೆಯ ಹಂತ ಅಂತ ಅನೇಕರು ತಿಳಿದಿದ್ದಾರೆ. ದೊಡ್ಡಮ್ಮನಿಗೆ ಫೋನಿನಲ್ಲಿ ನನ್ನ ಶುಗರ್ ಗ್ರಾಫ್ ತೋರಿಸಿದೆ, ಮುಂಚಿನದು ಮತ್ತು ಈಗಿನದು. ಆಗ ಸಮಾಧಾನ ಆಯಿತು.

ಈಗ ಭಯದ ವಿಷಯ. ಮೂರನೇ ತಿಂಗಳಲ್ಲಿ ಒಂದು ರಾತ್ರಿ ಹೊಟ್ಟೆಯ ಚರ್ಮದ ಕೆಳಗಿನ ಪುಟ್ಟ ಪ್ಲಾಸ್ಟಿಕ್ ನಳಿಗೆ ಮಡಚಿಕೊಂಡಿತ್ತು. ಪಂಪ್ ತಳ್ಳುತ್ತಿದೆ, ಮೈಗೆ ಇನ್ಸುಲಿನ್ ಹೋಗುತ್ತಿಲ್ಲ. ಗ್ಲಾರ್ಜಿನ್ ಹಾಕಿಕೊಳ್ಳುವವರಿಗೆ ಹಿಂದೆ ಒಂದು ಆಸರೆ ಇರುತ್ತದೆ, ಪಂಪ್‌ನವರಿಗೆ ಅದಿಲ್ಲ. ಕೆಲವೇ ಗಂಟೆಗಳಲ್ಲಿ ಕೀಟೋನ್ ಶುರು, ಅಂದರೆ ಇನ್ಸುಲಿನ್ ಇಲ್ಲದೆ ದೇಹ ಕೊಬ್ಬು ಕರಗಿಸಿದಾಗ ರಕ್ತಕ್ಕೆ ಸೇರುವ ಆಮ್ಲ. ಎದ್ದಾಗ 382, ವಾಂತಿ ಬಂದ ಹಾಗೆ. ಪಂಪಿನ ಬಟನ್ ಒತ್ತುತ್ತಾ ಕೂರದೆ ಮೊದಲು ಪೆನ್‌ನಿಂದ ಇನ್ಸುಲಿನ್ ತಗೊಂಡೆ, ಆಮೇಲೆ ಸೆಟ್ ಬದಲಾಯಿಸಿದೆ, ನೀರು ಕುಡಿಯುತ್ತಾ ಗಂಟೆಗೊಮ್ಮೆ ನೋಡುತ್ತಾ ಹೋದೆ. ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟಿದ್ದು ಅದು. ಅವತ್ತಿನಿಂದ ಬ್ಯಾಗಿನಲ್ಲಿ ಪೆನ್ ಇಲ್ಲದೆ ಗೇಟು ದಾಟುವುದಿಲ್ಲ.

ಇನ್ನೊಂದು ಎಚ್ಚರಿಕೆ. ನಮ್ಮಲ್ಲಿ ಇನ್ಸುಲಿನ್ ಬಾಟಲಿ ಎರಡು ಥರ ಸಿಗುತ್ತದೆ, ಮಿಲಿಗೆ 40 ಯೂನಿಟ್ ಮತ್ತು 100 ಯೂನಿಟ್. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರದಕ್ಕೆ ಕಿತ್ತಳೆ ಬಣ್ಣದ್ದು. ನನ್ನ ಪಂಪಿನ ಲೆಕ್ಕ ಇರುವುದು 100ಕ್ಕೆ. 40ರದು ತುಂಬಿಸಿದರೆ ಬೇಕಾದ್ದರ ಅರ್ಧವೂ ಮೈಗೆ ಹೋಗುವುದಿಲ್ಲ. ಅಂಗಡಿಯಲ್ಲಿ ಬಾಟಲಿ ಕೈಗೆ ಬಂದ ತಕ್ಷಣ ಓದಿ.

ದುಡ್ಡಿನ ಮಾತು ಬಿಟ್ಟರೆ ತಪ್ಪಾಗುತ್ತದೆ. ಪಂಪಿಗೇ ನನಗೆ 2 ಲಕ್ಷ ದಾಟಿತು, ಅದಕ್ಕೆ ಸಾಲ ಮಾಡಿದೆ. ಸೆಟ್, ರಿಸರ್ವಾಯರ್ (ಪಂಪಿನೊಳಗೆ ಇನ್ಸುಲಿನ್ ತುಂಬುವ ಪುಟ್ಟ ಕೊಳವೆ) ಅಂತ ತಿಂಗಳಿಗೆ 10 ಸಾವಿರಕ್ಕೂ ಜಾಸ್ತಿ, ಇನ್ಸುಲಿನ್ ಬೇರೆ. ಇದು ಒಂದು ಸಲ ಕೊಟ್ಟು ಮುಗಿಯುವ ಖರ್ಚಲ್ಲ. ನನ್ನ ಇನ್ಶೂರೆನ್ಸ್ ಕಂಪನಿ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಕೀಟೋನ್ ಏರಿ ಐಸಿಯು ಸೇರಿದರೆ ಬಿಲ್ ಕೊಡುತ್ತಾರಂತೆ, ಅಲ್ಲಿಗೆ ಹೋಗದ ಹಾಗೆ ನೋಡಿಕೊಳ್ಳುವ ಯಂತ್ರಕ್ಕೆ ಕೊಡುವುದಿಲ್ಲ. ಇದು ಅನ್ಯಾಯ. ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಅದರ ಪೇಟೆಂಟನ್ನು ಟೊರೊಂಟೊ ವಿಶ್ವವಿದ್ಯಾಲಯಕ್ಕೆ ತಲಾ 1 ಡಾಲರಿಗೆ ಬಿಟ್ಟುಕೊಟ್ಟರು, ಎಲ್ಲರಿಗೂ ಸಿಗಲಿ ಅಂತ. ಇವತ್ತು ಅದೇ ಇನ್ಸುಲಿನ್ನನ್ನು ಸರಿಯಾದ ಹೊತ್ತಿಗೆ ಮೈಗೆ ಸೇರಿಸುವ ಅನುಕೂಲ ದುಡ್ಡಿದ್ದವರಿಗೆ ಮಾತ್ರ. ಟೈಪ್ 1 ಮಕ್ಕಳಿಗಾದರೂ ಸರ್ಕಾರ ಇದನ್ನು ಕೊಡಬೇಕು, ಯಾರಿಗೆ ಬೇಕು ಅಂತ ಡಾಕ್ಟರ್ ಹೇಳಲಿ.

ಕಳೆದ ವಾರ ಎಂಟನೇ ಕ್ಲಾಸಿನ ಹುಡುಗಿಯ ಅಮ್ಮ ಸ್ಕೂಲಿಗೆ ಬಂದಿದ್ದರು. ಅವಳಿಗೂ ಟೈಪ್ 1. "ಮೇಡಂ, ಒಡವೆ ಅಡ ಇಟ್ಟಾದರೂ ಪಂಪ್ ಹಾಕಿಸ್ತೀವಿ, ಮಗು ಚುಚ್ಚಿಕೊಳ್ಳೋದು ನೋಡಕ್ಕಾಗಲ್ಲ" ಅಂದರು. ಒಡವೆ ಈಗಲೇ ಮುಟ್ಟಬೇಡಿ ಅಂದೆ. ಮೊದಲು ಶುಗರ್ ತಾನೇ ಅಳೆಯುತ್ತಿರುವ 14 ದಿನದ ಸೆನ್ಸರ್ ಒಂದನ್ನು ತೋಳಿಗೆ ಹಾಕಿಸಿ, ರಾತ್ರಿ ಏನಾಗುತ್ತಿದೆ ಅಂತ ಗೊತ್ತಾಗಲಿ. ರಾತ್ರಿಯ ಗೆರೆ ಸಮವಾಗಿದ್ದರೆ ಪೆನ್ ಸಾಕಾಗಬಹುದು. ನನ್ನದರ ಹಾಗೆ ಜಾವಕ್ಕೆ ಮೇಲೇರುತ್ತಿದ್ದರೆ, ಆ ಗ್ರಾಫ್ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋಗೋಣ, ನಾನೂ ಜೊತೆಗೆ ಬರುತ್ತೇನೆ ಅಂದೆ. ಸೋಮವಾರ ಸೆನ್ಸರ್ ಹಾಕಿಸಿದ್ದಾರೆ. ನಿನ್ನೆ ಊಟದ ಬಿಡುವಿನಲ್ಲಿ ಹುಡುಗಿ ಸ್ಟಾಫ್ ರೂಮಿಗೆ ಓಡಿ ಬಂದು ಮೊದಲ ಎರಡು ರಾತ್ರಿಯ ಗೆರೆ ತೋರಿಸಿದಳು.